ಹೇಮಾವತಿಯ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಚರ್ಚು: ಒಂದು ಸ್ಥಳವೀಕ್ಷಣೆ

ಹಾಸನ ಜಿಲ್ಲೆಯೆಂದೊಡನೆ ಇತಿಹಾಸದ ವಿದ್ಯಾರ್ಥಿಗೆ ನೆನಪಾಗುವುದು ಹೊಯ್ಸಳರ ಶಿಲ್ಪ. ಬೇಲೂರು, ಹಳೇಬೀಡುಗಳಿರಲಿ, ಕೆರೆಯ ದಂಡೆಯ ಮೇಲಿರುವ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಯ ಗುಡಿಯನ್ನೂ ಕೋರವಂಗಲ, ಮೊಸಳೆಗಳ ದೇವಾಲಯಗಳನ್ನೂ ಕಾಣದೆ ಆ ಜಿಲ್ಲೆಯ ಪ್ರವಾಸ ಮುಗಿಯುವುದಿಲ್ಲ. ನಮ್ಮ ವಿಭಾಗದ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗಲೆಲ್ಲ ನಾವೂ ಇದೇ ದಾರಿ ಹಿಡಿದವರು. ಹಾಸನದಿಂದ ಸುಮಾರು ೨೨ ಕಿಲೋಮೀಟರು ದೂರದಲ್ಲಿ, ಗೊರೂರಿನ ಜಲಾಶಯದ ಹಿನ್ನೀರಿನಂಚಿನಲ್ಲಿ ನಿಂತಿರುವ ಜಪಸರ ಮಾತೆಯ ಚರ್ಚು ನಮ್ಮ ಪ್ರವಾಸದ ಪಟ್ಟಿಯಲ್ಲಿ ಎಂದೂ ಇರಲಿಲ್ಲ. ಪಟ್ಟಿಗೆ ಅದನ್ನು ಸೇರಿಸಿದವನು ಒಬ್ಬ ವಿದ್ಯಾರ್ಥಿ. ಬಸ್ಸಿನ ಕಿಟಕಿಯಿಂದ ಕೈಚಾಚಿ, ಆ ಕಡೆ ನೀರಿನಲ್ಲಿ ಮುಳುಗುವ ಚರ್ಚು ಇದೆಯಂತೆ, ಅದು ಯಾರ ಕಾಲದ್ದು, ಎಂದು ಅವನು ಕೇಳಿದ. ಫ್ರೆಂಚರ ಕಾಲದ್ದೆಂದು ನಾವು ಹೇಳಿದೆವು. ಇಲ್ಲಿ ಫ್ರೆಂಚರ ಕಾಲವೆಂಬುದೊಂದು ಯಾವಾಗ ಇತ್ತೆಂದು ಅವನು ಮರುಪ್ರಶ್ನೆ ಹಾಕಿದಾಗ ನಮ್ಮ ಉತ್ತರದ ಪೊಳ್ಳುತನ ನಮಗೇ ತಿಳಿಯಿತು. ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು.

ಆ ಬಳಿಕ ನಾವು ಎರಡು ಬಾರಿ ಶೆಟ್ಟಿಹಳ್ಳಿಗೆ ಹೋದೆವು. ಮೊದಲನೆಯದು ಬೇಸಿಗೆಯ ಕೊನೆಯಲ್ಲಿ, ನೀರು ಹಿಂದಕ್ಕೆ ಸರಿದು ನೆಲ ಬಿರುಕುಬಿಟ್ಟಿದ್ದಾಗ. ಎರಡನೆಯದು ಮಳೆಗಾಲ ಕಳೆದು ಜಲಾಶಯ ತುಂಬಿದ್ದಾಗ. ಒಂದೇ ಕಟ್ಟಡವನ್ನು ಎರಡು ಋತುಗಳಲ್ಲಿ ನೋಡಿದವರಿಗೆ ಎರಡು ಕಟ್ಟಡಗಳನ್ನು ನೋಡಿದಂತೆ ಆಗುತ್ತದೆ.

ಬೇಸಿಗೆಯಲ್ಲಿ ಕಂಡುದನ್ನು ಮೊದಲು ಹೇಳುತ್ತೇವೆ. ಊರ ದಾರಿ ಮುಗಿದ ಮೇಲೆ ಬಯಲು. ಅಲ್ಲಿ ದನಗಳು ಮೇಯುತ್ತವೆ. ಬಯಲಿನ ನಡುವೆ ಮಾಡಿಲ್ಲದ ಉದ್ದನೆಯ ಕಟ್ಟಡವೊಂದು ಒಂಟಿಯಾಗಿ ನಿಂತಿದೆ. ಇಟ್ಟಿಗೆ ಮತ್ತು ಗಾರೆಯ ಗೋಡೆಗಳು; ಅವುಗಳಲ್ಲಿ ಸಾಲಾಗಿ ಚೂಪು ಕಮಾನುಗಳು; ಹೊರಮೈಯಲ್ಲಿ ಗೋಡೆಗೆ ಒತ್ತಾಗಿ ಕಟ್ಟಿದ ಆಸರೆಗಂಬಗಳು; ಪೀಠವಿದ್ದ ತುದಿಯಲ್ಲಿ ಬಾಗಿದ ಗೋಡೆ, ಅದರಲ್ಲಿ ನೀಳವಾದ ಕಿಟಕಿಗಳು. ಮೇಲುಗಾರೆ ಉದುರಿದೆಡೆ ಇಟ್ಟಿಗೆ ಕೆಂಪಾಗಿ ಕಾಣುತ್ತದೆ. ಬಾಗಿಲು, ಪೀಠ, ಗಂಟೆ, ಪ್ರತಿಮೆ ಯಾವುದೂ ಉಳಿದಿಲ್ಲ. ಇತ್ತೀಚಿನ ವರ್ಷಗಳ ಮಳೆಗಾಲಗಳಲ್ಲಿ ಗೋಡೆಯ ಕೆಲವು ಭಾಗಗಳೂ ಕುಸಿದಿವೆ. ಕೈಗೆಟಕುವಷ್ಟು ಎತ್ತರದವರೆಗೆ ಪ್ರವಾಸಿಗರು ತಮ್ಮ ಹೆಸರುಗಳನ್ನೂ ತಮ್ಮ ಪ್ರಿಯರ ಹೆಸರುಗಳನ್ನೂ ಗೀಚಿದ್ದಾರೆ. ಮುಂದೊಂದು ಕಾಲದ ಶಾಸನತಜ್ಞನಿಗೆ ಇವು ಉಪಯೋಗಕ್ಕೆ ಬಂದಾವೆಂದು ಸಹೋದ್ಯೋಗಿಯೊಬ್ಬರು ಹಾಸ್ಯ ಮಾಡಿದರು; ಆದರೆ ಪ್ರತಿಯೊಂದು ಅಕ್ಷರದ ಜೊತೆಗೂ ಒಂದಿಷ್ಟು ಗಾರೆ ಉದುರಿದೆಯೆಂಬುದು ಹಾಸ್ಯದ ಮಾತಲ್ಲ.

ಈ ಚರ್ಚು ೧೮೬೦ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳಿಂದ ಕಟ್ಟಲ್ಪಟ್ಟಿತೆಂಬುದು ಸಾಮಾನ್ಯವಾಗಿ ಒಪ್ಪಿತವಾಗಿರುವ ಮಾತು. ಇದರ ಜೊತೆಗೆ ಬೇರೆ ಕೆಲವು ಮಾತುಗಳೂ ಬಳಕೆಯಲ್ಲಿವೆ: ಇದನ್ನು ಅಬ್ಬೆ ದುಬಾಯ್ ಕಟ್ಟಿಸಿದರೆಂದು ಕೆಲವರು, ಆಲೂರು ಸಕಲೇಶಪುರಗಳ ಇಂಗ್ಲಿಷ್ ತೋಟದ ದೊರೆಗಳಿಗಾಗಿ ಕಟ್ಟಿದರೆಂದು ಕೆಲವರು. ಇವನ್ನು ಒಂದೊಂದಾಗಿ ಪರಿಶೀಲಿಸುವುದು ಅಗತ್ಯ.

ದುಬಾಯ್ ಎಂದು ನಮ್ಮಲ್ಲಿ ರೂಢಿಯಾಗಿರುವ ಝಾಂ ಆಂತ್ವಾನ್ ದ್ಯುಬ್ವಾ ಪ್ಯಾರಿಸಿನ ವಿದೇಶೀ ಮಿಷನ್ ಸಂಘಕ್ಕೆ ಸೇರಿದವರು. ೧೭೯೨ರಲ್ಲಿ ಭಾರತಕ್ಕೆ ಹೊರಟ ಇವರು, ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ಅಲ್ಲಿ ಚೆದರಿಹೋಗಿದ್ದ ಕ್ರೈಸ್ತ ಜನರನ್ನು ಮತ್ತೆ ಒಟ್ಟುಗೂಡಿಸುವ ಕೆಲಸ ಕೈಗೊಂಡರು. ಈ ನಾಡಿನಲ್ಲಿ ಕ್ಯಾಥೊಲಿಕ್ ಪ್ರಚಾರ ಅವರಿಂದ ಆರಂಭವಾದುದಲ್ಲ. ಹದಿನೇಳನೆಯ ಶತಮಾನದ ನಡುಭಾಗದಲ್ಲಿಯೇ ಇಟಲಿಯ ಜೆಸುಇಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದಿದ್ದರು. ೧೭೭೩ರಲ್ಲಿ ಪೋಪರು ಜೆಸುಇಟ್ ಸಂಘವನ್ನು ರದ್ದುಪಡಿಸಿದ ಬಳಿಕ ಅವರ ಹೊಲವನ್ನು ಪ್ಯಾರಿಸಿನ ಸಂಘದವರು ವಹಿಸಿಕೊಂಡರು. ಆದುದರಿಂದ ನಾವು ವಿದ್ಯಾರ್ಥಿಗೆ ಹೇಳಿದ 'ಫ್ರೆಂಚರ ಕಾಲ' ಎಂಬುದು ರಾಜಕೀಯ ಇತಿಹಾಸದಲ್ಲಿ ಇಲ್ಲದ ಕಾಲ. ಮಿಷನ್ನಿನ ಇತಿಹಾಸದಲ್ಲಿ ಮಾತ್ರ ಇರುವಂಥದು.

ದುಬಾಯ್ ಎಂದರೆ ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಗ್ರಂಥವೇ ನಮ್ಮ ಅಧ್ಯಾಪಕರಿಗೆ ನೆನಪಾಗುವುದು. ಕಂಪನಿ ಸರಕಾರ ಅದರ ಹಸ್ತಪ್ರತಿಯನ್ನು ಕೊಂಡುಕೊಂಡಿತು. ೧೮೧೬ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಆ ಗ್ರಂಥದ ಬಹುಭಾಗ ಅವರಿಗಿಂತ ಹಿಂದಿನ ಜೆಸುಇಟ್ ಪಾದ್ರಿ ಕೂರ್ದೂ ಬರೆದಿಟ್ಟಿದ್ದುದರ ಮೇಲೆ ನಿಂತಿದೆಯೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯುರ್ ೧೯೮೭ರಲ್ಲಿ ತೋರಿಸಿಕೊಟ್ಟಿದ್ದಾರೆ. ನಮ್ಮ ತರಗತಿಗಳಲ್ಲಿ ಇದನ್ನು ಇನ್ನೂ ಸಾಕಷ್ಟು ಹೇಳುತ್ತಿಲ್ಲವೆಂಬುದು ನಮ್ಮ ಭಾವನೆ. ಗ್ರಂಥದ ಕೀರ್ತಿಯಲ್ಲಿ ಪಾಲು ಬೇರೆಯವರಿಗೆ ಹೋದರೂ, ಅವರದೇ ಎನ್ನಬಹುದಾದ ಕೆಲಸ ಹಾಸನದ ನೆಲದಲ್ಲಿದೆ. ಹಾಸನ ತಾಲ್ಲೂಕಿನ ಸಾತಳ್ಳಿಯಲ್ಲಿ ಕ್ರೈಸ್ತ ರೈತರ ನೆಲೆಯೊಂದನ್ನು ಅವರು ಸ್ಥಾಪಿಸಿದರು. ಲೂಯಿ ರೈಸರ ಮೈಸೂರು ಗೆಜೆಟಿಯರಿನಲ್ಲಿಯೂ ಇದರ ಉಲ್ಲೇಖವಿದೆ. ಸಿಡುಬಿನ ವಿರುದ್ಧ ದಾಕು ಹಾಕಿಸುವ ಕಾರ್ಯವನ್ನು ಮೈಸೂರು ಸೀಮೆಯಲ್ಲಿ ಹರಡಿದವರಲ್ಲಿಯೂ ಅವರು ಒಬ್ಬರು.

ಆದರೆ ದುಬಾಯ್ ಭಾರತವನ್ನು ಬಿಟ್ಟು ಹೊರಟುದು ೧೮೨೩ರಲ್ಲಿ. ೧೮೪೮ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. ಚರ್ಚು ೧೮೬೦ರ ದಶಕದ್ದಾದರೆ ಅದನ್ನು ಅವರು ಕಟ್ಟಿಸಿರಲಾರರು. ಹಾಗಿದ್ದರೂ ಜನರ ನೆನಪನ್ನು ಸುಳ್ಳೆಂದು ಬದಿಗೊತ್ತುವುದು ಸರಿಯಲ್ಲ. ಆ ಸುತ್ತಿನಲ್ಲಿ ಕ್ರೈಸ್ತ ಒಕ್ಕಲುತನಕ್ಕೆ ತಳಹದಿ ಹಾಕಿದವರು ದುಬಾಯ್. ಕಟ್ಟಡ ಎದ್ದುದು ಎರಡು ತಲೆಮಾರುಗಳ ಅನಂತರ. ಊರನ್ನು ನೆಲೆಗೊಳಿಸಿದವನ ಹೆಸರು ಗುಡಿ ಕಟ್ಟಿದವನ ಹೆಸರನ್ನು ನುಂಗಿಬಿಡುವುದನ್ನು ನಾವು ಎಷ್ಟೋ ಸ್ಥಳಪುರಾಣಗಳಲ್ಲಿ ಕಂಡಿದ್ದೇವೆ. ಇಲ್ಲಿಯೂ ಹಾಗೆಯೇ ಆಗಿರಬಹುದೆಂಬುದು ನಮ್ಮ ಊಹೆ. ೧೮೬೦ರ ದಶಕದಲ್ಲಿ ಈ ಪ್ರಾಂತದ ಕ್ಯಾಥೊಲಿಕ್ ಆಡಳಿತ ಬೆಂಗಳೂರಿನಿಂದ ನಡೆಯುತ್ತಿತ್ತು. ೧೮೫೦ರಲ್ಲಿ ಮೈಸೂರು ಪ್ರತ್ಯೇಕ ವಿಕಾರಿಯೇಟ್ ಆಗಿ, ಶಾರ್ಬೊನೊ ಎಂಬ ಬಿಷಪ್ಪರು ೧೮೭೩ರವರೆಗೆ ಅದರ ಮುಖ್ಯಸ್ಥರಾಗಿದ್ದರು. ಹಾಸನ ಜಿಲ್ಲೆ ಚಿಕ್ಕಮಗಳೂರು ಧರ್ಮಪ್ರಾಂತಕ್ಕೆ ಸೇರಿದುದು ೧೯೬೩ರಷ್ಟು ಈಚೆಗೆ.

ಇನ್ನು ತೋಟದ ದೊರೆಗಳ ಕಥೆ. ೧೮೪೦ರ ದಶಕದಿಂದ ಮಂಜರಾಬಾದಿನ ಕಡೆ ಇಂಗ್ಲಿಷರು ಕಾಫಿ ತೋಟಗಳನ್ನು ಹಾಕಿದುದು ನಿಜ. ಅವರಲ್ಲಿ ಒಬ್ಬನಾದ ಎಲಿಯಟ್ ತನ್ನ ಅನುಭವಗಳನ್ನು ಪುಸ್ತಕವಾಗಿಯೂ ಬರೆದಿದ್ದಾನೆ. ಆದರೆ ಆ ದೊರೆಗಳಲ್ಲಿ ಬಹುಮಂದಿ ಪ್ರೊಟೆಸ್ಟೆಂಟರು. ಬಯಲುಸೀಮೆಯ ಅಂಚಿನ ರೈತರ ಹಳ್ಳಿಯೊಂದರಲ್ಲಿ ಫ್ರೆಂಚ್ ಕ್ಯಾಥೊಲಿಕ್ ಪಾದ್ರಿಗಳು ಜಪಸರ ಮಾತೆಯ ಹೆಸರಿನಲ್ಲಿ ಕಟ್ಟಿದ ಚರ್ಚಿಗೆ ಅವರೇ ಮುಖ್ಯ ಭಕ್ತರೆಂದು ನಂಬುವುದು ಕಷ್ಟ. ಗಾಥಿಕ್ ಕಮಾನನ್ನು ಕಂಡೊಡನೆ ಅದು ಬಿಳಿಯರದೆಂದು ತಿಳಿಯುವ ನಮ್ಮ ಅಭ್ಯಾಸ ಈ ಕಥೆಯ ಹಿಂದೆ ಇರುವಂತೆ ತೋರುತ್ತದೆ. ಹಾಗೆ ತಿಳಿದಾಗ ಅಲ್ಲಿ ಮಂಡಿಯೂರಿ ಪ್ರಾರ್ಥಿಸಿದ, ಅಲ್ಲಿಯೇ ಮದುವೆಯಾದ ಕನ್ನಡದ ರೈತರು ಕಥೆಯಿಂದ ಹೊರಗುಳಿಯುತ್ತಾರೆ. ಕಟ್ಟಡದ ನಿಜವಾದ ಮಾಲೀಕರು ಅವರು.

ಗಾರೆಗೆ ಬೆಲ್ಲ, ಮೊಟ್ಟೆಗಳನ್ನು ಬೆರೆಸಿದ್ದರೆಂದೂ ಜನ ಹೇಳುತ್ತಾರೆ. ಇದನ್ನು ಫ್ರೆಂಚರ ಗುಟ್ಟೆಂದು ವರ್ಣಿಸುವುದು ವಿಚಿತ್ರ. ಸುಣ್ಣಕ್ಕೆ ಬೆಲ್ಲದ ನೀರನ್ನೂ ಮೊಟ್ಟೆಯ ಬಿಳಿಯನ್ನೂ ಸೇರಿಸುವುದು ದಕ್ಷಿಣ ಭಾರತದ ಗಾರೆಕೆಲಸದವರ ಹಳೆಯ ಪದ್ಧತಿ. ಅದು ಇಲ್ಲಿ ಬಳಕೆಯಾಗಿದ್ದರೆ, ಪಾದ್ರಿಗಳು ತಂದ ನಕ್ಷೆಯನ್ನು ಊರ ಮೇಸ್ತ್ರಿಗಳು ತಮ್ಮ ವಿದ್ಯೆಯಿಂದ ಕಟ್ಟಿದರೆಂದು ಅರ್ಥವಾಗುತ್ತದೆ. ಬರಿಯ ಸುಣ್ಣದ ಗಾರೆ ನಿಂತ ನೀರಿನಲ್ಲಿ ಬಹುಕಾಲ ತಾಳುವುದಿಲ್ಲ. ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ, ಬೆರೆತಿದ್ದರೆ ನೀರಿನಲ್ಲಿಯೂ ಗಟ್ಟಿಯಾಗಿ ನಿಲ್ಲುತ್ತದೆ. ಕೃಷ್ಣರಾಜಸಾಗರದ ಅಣೆಕಟ್ಟೆಯನ್ನೇ ಸುರ್ಕಿ ಗಾರೆಯಿಂದ ಕಟ್ಟಿರುವರಷ್ಟೆ. ಹೀಗಿರುವುದರಿಂದ, ಉದುರಿ ಬಿದ್ದ ಗಾರೆಯ ಚೂರೊಂದನ್ನು ಪ್ರಯೋಗಶಾಲೆಗೆ ಒಯ್ದು ನೋಡಿದರೆ ಮೊಟ್ಟೆ ಬೆಲ್ಲಗಳ ಕಥೆಗಿಂತ ಹೆಚ್ಚು ವಿಷಯ ತಿಳಿದೀತು. ರಸಾಯನಶಾಸ್ತ್ರ ವಿಭಾಗದ ಮಿತ್ರರಿಗೆ ಈ ಕೆಲಸವನ್ನು ಸೂಚಿಸುತ್ತೇವೆ.

ಚರ್ಚು ನೀರಿಗೆ ಸಿಕ್ಕಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗೊರೂರಿನ ಬಳಿ ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆ ೧೯೭೯ರಲ್ಲಿ ಮುಗಿಯಿತು. ಅದರ ಉದ್ದ ೪,೬೯೨ ಮೀಟರು. ಪೂರ್ಣಮಟ್ಟ ಸಮುದ್ರದಿಂದ ೨,೯೨೨ ಅಡಿ. ಆಗ ಜಲಾಶಯದಲ್ಲಿ ಹಿಡಿಯುವ ನೀರು ೩೭ ಟಿ.ಎಂ.ಸಿ.ಗೆ ತುಸು ಹೆಚ್ಚು. ಮುಳುಗಡೆಯ ವಿಸ್ತಾರ ೮,೫೦೦ ಹೆಕ್ಟೇರಿನಷ್ಟು. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಬಯಲಿಗೆ ನೀರುಣಿಸುವುದು ಇದರ ಉದ್ದೇಶ. ಕಾವೇರಿಯ ನೀರನ್ನು ಕುರಿತು ಮೈಸೂರು ಮದರಾಸುಗಳ ನಡುವೆ ೧೯೨೪ರಲ್ಲಿ ಆದ ಒಪ್ಪಂದದ ಐವತ್ತು ವರ್ಷಗಳ ಅವಧಿ ೧೯೭೪ಕ್ಕೆ ಮುಗಿಯಲಿದ್ದ ದಿನಗಳು ಅವು. ಹೇಮಾವತಿಯ ಕೆಲಸ ಆ ವಿವಾದದ ನೆರಳಿನಲ್ಲಿಯೇ ನಡೆಯಿತು.

ಚರ್ಚನ್ನು ೧೯೬೦ರ ದಶಕದಲ್ಲಿ ತೊರೆಯಲಾಯಿತೆಂದು ಅನೇಕ ಕಡೆ ಬರೆದಿರುತ್ತಾರೆ. ಅಣೆಕಟ್ಟೆ ಮುಗಿದುದು ೧೯೭೯ರಲ್ಲಿ. ಇವೆರಡನ್ನು ಒಂದೇ ವಾಕ್ಯದಲ್ಲಿ ಸೇರಿಸಿ, ಅಣೆಕಟ್ಟೆ ಬಂದು ಚರ್ಚು ಮುಳುಗಿತೆಂದು ಹೇಳಿಬಿಡುವುದರಿಂದ ಗೊಂದಲ ಹುಟ್ಟಿದೆ. ಯೋಜನೆಯ ಮಾತು ಹುಟ್ಟಿ ಜಮೀನು ಹೋಗುವುದು ಒಂದು ಘಟನೆ. ಊರವರು ಎತ್ತರದ ನೆಲಕ್ಕೆ ಹೋಗಿ ಪೂಜೆ ನಿಲ್ಲುವುದು ಇನ್ನೊಂದು. ನೀರು ಗೋಡೆಯನ್ನು ಮುಟ್ಟುವುದು ಮೂರನೆಯದು. ಇವುಗಳ ನಡುವೆ ವರ್ಷಗಳೇ ಕಳೆದಿವೆ. ಮುಳುಗಡೆಯ ಊರುಗಳ ಇತಿಹಾಸವನ್ನು ಬರೆಯುವವರು ಈ ಮೂರನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು. ಜನರ ಕಷ್ಟವಿರುವುದು ಬಹುಮಟ್ಟಿಗೆ ಆ ನಡುವಣ ವರ್ಷಗಳಲ್ಲಿ.

ಮತ್ತೊಂದು ಕಾಕತಾಳೀಯವನ್ನೂ ಹೇಳಬೇಕು. ನಮ್ಮ ದೇಶದಲ್ಲಿ ಪ್ರಾಚೀನ ಸ್ಮಾರಕಗಳನ್ನು ಕುರಿತ ೧೯೫೮ರ ಕಾನೂನೂ ನಮ್ಮ ರಾಜ್ಯದ ೧೯೬೧ರ ಕಾನೂನೂ ಸ್ಮಾರಕವೆನಿಸಿಕೊಳ್ಳಲು ಕಟ್ಟಡಕ್ಕೆ ಕನಿಷ್ಠ ನೂರು ವರ್ಷಗಳಾಗಿರಬೇಕೆಂದು ವಿಧಿಸುತ್ತವೆ. ೧೮೬೦ರ ದಶಕದ ಕಟ್ಟಡಕ್ಕೆ ನೂರು ತುಂಬಿದುದು ೧೯೬೦ರ ದಶಕದಲ್ಲಿ. ಅಂದರೆ ಕಾನೂನಿನ ಕಣ್ಣಿಗೆ ಅದು ಪ್ರಾಚೀನವಾದ ಹೊತ್ತಿಗೆ ಸರಿಯಾಗಿ ಅದರ ಪಾಲಿಗೆ ನೀರು ನಿಶ್ಚಯವಾಗಿತ್ತು. ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿರುವುದನ್ನು ಓದುಗರು ಬಲ್ಲರು. ಕಲ್ಲಿನ ಗುಡಿಯನ್ನು ಹಾಗೆ ಎತ್ತಿಡಬಹುದು. ಇಟ್ಟಿಗೆ ಗಾರೆಯ ಕಟ್ಟಡವನ್ನು ಬಿಚ್ಚಿದರೆ ಉಳಿಯುವುದು ರಾಶಿ ಮಾತ್ರ. ಆದುದರಿಂದ ಶೆಟ್ಟಿಹಳ್ಳಿಯ ಮಟ್ಟಿಗೆ ಛಾಯಾಚಿತ್ರವೂ ಅಳತೆಯ ನಕ್ಷೆಯೂ ಅಲಂಕಾರದ ವಸ್ತುಗಳಲ್ಲ, ಮುಂದೆ ಉಳಿಯಬಹುದಾದ ಕಟ್ಟಡವೇ ಅವು.

ಹಾಸನ ಜಿಲ್ಲೆಗೂ ಛಾಯಾಗ್ರಹಣಕ್ಕೂ ಹಳೆಯ ನಂಟು ಇದೆ. ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ ೧೮೫೪ರಲ್ಲಿಯೇ ಬೇಲೂರು ಹಳೇಬೀಡುಗಳ ಚಿತ್ರಗಳನ್ನು ತೆಗೆದನು. ಓಕ್ಲಿ ಎಂಬುವನು ತೆಗೆದ ಹಳೇಬೀಡಿನ ಚಿತ್ರಗಳ ಸಂಪುಟ ೧೮೫೯ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಚರ್ಚಿನ ಗೋಡೆಗಳು ಏಳುವುದಕ್ಕೂ ಮುಂಚೆಯೇ ಈ ಜಿಲ್ಲೆಗೆ ಕ್ಯಾಮರಾ ಬಂದಿತ್ತು. ಆದರೂ ಪುರಾತತ್ವ ಸಂಶೋಧಕರ ದೃಷ್ಟಿ ಹೊಯ್ಸಳ ಶಿಲ್ಪದ ಮೇಲೆಯೇ ನೆಟ್ಟಿತ್ತು. ಅವರನ್ನು ದೂರುವಂತಿಲ್ಲ; ಅವರ ಪಾಲಿಗೆ ಈ ಚರ್ಚು ನಿನ್ನೆ ಮೊನ್ನೆಯದು.

ನಮ್ಮ ಚಿತ್ರಗಳ ವಿಚಾರ. ಮೊದಲ ಬಾರಿ ಹೋದಾಗ ಅಳತೆಯ ಕೋಲನ್ನು ಬಸ್ಸಿನಲ್ಲಿಯೇ ಮರೆತೆವು. ಚಿತ್ರದಲ್ಲಿ ಗಾತ್ರ ತಿಳಿಯಬೇಕಾದರೆ ಗೊತ್ತಾದ ಅಳತೆಯ ವಸ್ತುವೊಂದು ಇರಲೇಬೇಕಾದುದರಿಂದ, ಸಹೋದ್ಯೋಗಿಯೊಬ್ಬರ ಕೊಡೆಯನ್ನು ಪ್ರತಿಯೊಂದು ಕಮಾನಿನ ಬಳಿಯಲ್ಲೂ ನಿಲ್ಲಿಸಿ ಚಿತ್ರ ತೆಗೆದು, ಬೆಂಗಳೂರಿಗೆ ಬಂದ ಮೇಲೆ ಕೊಡೆಯನ್ನು ಅಳೆದುಕೊಂಡೆವು. ವಿದ್ವತ್ತಿಗೆ ಇದರಿಂದ ಕುಂದು ಬಂದಿಲ್ಲವೆಂದು ನಂಬಿದ್ದೇವೆ. ಬೆಳಗಿನ ಓರೆಬಿಸಿಲಿನಲ್ಲಿ ಗೋಡೆಯ ಮೇಲಣ ಅತಿ ಸೂಕ್ಷ್ಮವಾದ ಉಬ್ಬುತಗ್ಗುಗಳೂ ಕಾಣುತ್ತವೆ. ಹಾಗೆ ನೋಡಿದಾಗ ನಮಗೆ ಬಹು ಮುಖ್ಯವೆನಿಸಿದುದು ನೀರಿನ ಗೆರೆಗಳು. ಗೋಡೆಯ ಮೇಲೆ ಒಂದರ ಮೇಲೊಂದಾಗಿ ಅಡ್ಡಗೆರೆಗಳಿವೆ. ಕೆಳಗಣವು ಕಪ್ಪು, ಮೇಲಣವು ಮಾಸಲು. ನೀರು ನಿಂತು ಇಳಿದ ಮಟ್ಟಗಳು ಇವು. ಗಾರೆ ಹೆಚ್ಚಾಗಿ ಸವೆದಿರುವುದು ಈ ಗೆರೆಗಳ ವಲಯದಲ್ಲಿ. ಸದಾ ನೀರಿನಲ್ಲಿರುವ ಭಾಗಕ್ಕಿಂತಲೂ ಸದಾ ಒಣಗಿರುವ ಭಾಗಕ್ಕಿಂತಲೂ ನೆನೆದು ಒಣಗಿ, ನೆನೆದು ಒಣಗಿ ನಡೆಯುವ ಭಾಗವೇ ಬೇಗ ಹಾಳಾಗುತ್ತದೆ. ಒಂದೇ ಜಾಗದಿಂದ, ಒಂದೇ ಎತ್ತರದಿಂದ ವರ್ಷವರ್ಷವೂ ಚಿತ್ರ ತೆಗೆದಿಟ್ಟರೆ ಎಷ್ಟು ಸವೆಯುತ್ತಿದೆಯೆಂಬುದಕ್ಕೆ ಪ್ರಮಾಣ ದೊರೆಯುತ್ತದೆ. ನಾವು ಆರು ಜಾಗಗಳನ್ನು ಗೊತ್ತುಮಾಡಿಕೊಂಡಿದ್ದೇವೆ.

ಎರಡನೆಯ ಭೇಟಿಯಲ್ಲಿ ಹರಿಗೋಲಿನಲ್ಲಿ ಕುಳಿತು ಚರ್ಚಿನ ಸುತ್ತ ಬಂದೆವು. ನೀರು ಕಮಾನುಗಳ ನಡುವಿನವರೆಗೆ ಏರಿತ್ತು. ನೋಟ ಅತಿ ರಮ್ಯವಾದುದೆಂದು ಒಪ್ಪಿಕೊಳ್ಳಲೇಬೇಕು. ಕಮಾನೂ ಅದರ ಪ್ರತಿಬಿಂಬವೂ ಸೇರಿ ಪೂರ್ಣವಾದೊಂದು ಆಕಾರವಾಗುತ್ತದೆ. ದಿನಪತ್ರಿಕೆಗಳಲ್ಲಿ ಪ್ರಕಟವಾಗುವ ಚಿತ್ರಗಳೆಲ್ಲ ಈ ಋತುವಿನವು. ಮದುವೆಗೆ ಮುಂಚಿನ ಚಿತ್ರಗಳನ್ನು ತೆಗೆಸಿಕೊಳ್ಳಲು ವಧೂವರರು ಬರುವುದೂ ಉಂಟು. ಸಂಶೋಧಕನಿಗೆ ಮಾತ್ರ ಈ ಚಿತ್ರಗಳಿಂದ ಪ್ರಯೋಜನ ಕಡಿಮೆ. ನೆಲವಿಲ್ಲ, ತಳಪಾಯವಿಲ್ಲ, ಊರಿಲ್ಲ. ಸುತ್ತಲೂ ಮನೆ, ಕಣ, ಹೊಲಗಳಿದ್ದ ಚರ್ಚೊಂದು ನೀರಿನ ನಡುವೆಯೇ ಹುಟ್ಟಿದಂತೆ ಕಾಣುತ್ತದೆ. ಹರಿಗೋಲಿನಿಂದ ನಾವು ತೆಗೆದ ಚಿತ್ರಗಳಲ್ಲಿ ಅರ್ಧಕ್ಕರ್ಧ ಅಲುಗಿ ಕೆಟ್ಟವು. ಅದಕ್ಕಾಗಿ ಹೆಚ್ಚು ವ್ಯಸನಪಡಲಿಲ್ಲ.

ಜಪಸರ ಮಾತೆಯ ಹಬ್ಬ ಅಕ್ಟೋಬರ್ ೭ನೆಯ ತಾರೀಖು. ೧೫೭೧ರ ಲೆಪಾಂಟೊ ನೌಕಾಯುದ್ಧದ ಸ್ಮರಣೆಯಿಂದ ಬಂದ ದಿನ ಅದು. ಮುಂಗಾರು ಚೆನ್ನಾಗಿ ಆದ ವರ್ಷ ಹೇಮಾವತಿಯ ಜಲಾಶಯ ತುಂಬಿ ನಿಲ್ಲುವುದೂ ಆ ಹೊತ್ತಿಗೆ. ತನ್ನ ಹಬ್ಬದ ದಿನವೇ ಚರ್ಚು ನೀರಿನಲ್ಲಿ ನಿಂತಿರುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಈ ನದಿಯ ದಂಡೆಯ ಹಳ್ಳಿಗಳ ಬಾಳನ್ನು ಕನ್ನಡಿಗರೆಲ್ಲರಿಗೂ ಪರಿಚಯಿಸಿದವರು. ೧೯೯೧ರಲ್ಲಿ ತೀರಿಕೊಂಡ ಅವರು ತಮ್ಮೂರಿನ ಹೊಳೆ ಜಲಾಶಯವಾದುದನ್ನು ಕಣ್ಣಾರೆ ಕಂಡವರೂ ಹೌದು.

ಬೆಂಗಳೂರಿನವರಾದ ನಮಗೆ ಇದು ಪರಸ್ಥಳದ ಸಂಗತಿಯೆಂದು ತೋರುವುದು ಸಹಜ. ಆದರೆ ಇಲ್ಲಿಯೇ ಚಾಮರಾಜಪೇಟೆಯಲ್ಲಿರುವ ಸೇಂಟ್ ಲ್ಯೂಕ್ ಚರ್ಚು ೧೯೩೫ರದು. ಕೋಟೆಯೊಳಗಿದ್ದ ಹಳೆಯ ಚರ್ಚನ್ನು ತೆಗೆದ ಮೇಲೆ ಅದರ ಬದಲಿಗೆ ಕಟ್ಟಿದ್ದು. ಸಭೆ ಸ್ಥಳಾಂತರವಾಯಿತು, ಹಳೆಯ ಕಟ್ಟಡ ಹೋಯಿತು. ನಮ್ಮ ಊರಿನಲ್ಲಿ ಧರ್ಮಾಂಬುಧಿ ಕೆರೆ ಬಸ್ಸುಗಳ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಅಲ್ಲಿ ಹೊಲವೇ ಕೆರೆಯಾಯಿತು. ಹೇಮಾವತಿ ಹರಿದು ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ. ೧೯೭೪ರಿಂದ ಬೆಂಗಳೂರಿನ ಕೊಳಾಯಿಗಳಿಗೆ ಬರುತ್ತಿರುವುದು ಕಾವೇರಿಯ ನೀರು. ಬಸವನಗುಡಿಯಲ್ಲಿಯೋ ಮಲ್ಲೇಶ್ವರದಲ್ಲಿಯೋ ಒಂದು ಲೋಟ ನೀರು ಕುಡಿಯುವವನಿಗೆ ಶೆಟ್ಟಿಹಳ್ಳಿಯ ಜೊತೆ ಸಂಬಂಧವಿಲ್ಲವೆಂದು ಹೇಳುವಂತಿಲ್ಲ.

ನಮ್ಮ ಕೆಲಸದಲ್ಲಿ ಉಳಿದಿರುವ ದೊಡ್ಡ ಕೊರತೆಯನ್ನು ಹೇಳಿ ನಿಲ್ಲಿಸುತ್ತೇವೆ. ನಾವು ತೆಗೆದಿರುವುದೆಲ್ಲ ಹಾಳಾದ ಕಟ್ಟಡದ ಚಿತ್ರಗಳು. ಮಾಡು ಇದ್ದಾಗ, ಗಂಟೆ ಬಾರಿಸುತ್ತಿದ್ದಾಗ, ಪೀಠದ ಮೇಲೆ ದೀಪವಿದ್ದಾಗ ಚರ್ಚು ಹೇಗಿತ್ತೆಂಬುದನ್ನು ತೋರಿಸುವ ಚಿತ್ರಗಳು ಇರುವುದಾದರೆ, ಆ ಊರುಗಳಿಂದ ಬಂದ ಕುಟುಂಬಗಳ ಟ್ರಂಕುಗಳಲ್ಲಿ, ಮದುವೆಯ ಮತ್ತು ಮೊದಲ ಪರಮಪ್ರಸಾದದ ಚಿತ್ರಗಳ ಹಿನ್ನೆಲೆಯಾಗಿ ಇರಬೇಕು. ವಧೂವರರ ಹೆಗಲ ಹಿಂದೆ ಒಂದು ಕಿಟಕಿಯ ಅಂಚೋ ಒಂದು ಕಂಬದ ತಲೆಯೋ ಕಂಡರೂ ನಮಗೆ ಸಾಕು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕಾಲೇಜುಗಳ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಕೇಳಿ ನೋಡಬೇಕೆಂದು ಕೋರುತ್ತೇವೆ. ಮೂಲಚಿತ್ರವನ್ನು ಮನೆಯವರಿಂದ ತೆಗೆದುಕೊಳ್ಳಬೇಕಾಗಿಲ್ಲ. ಅದರ ಪ್ರತಿಯನ್ನು ಮಾಡಿಕೊಂಡು, ತೆಗೆದ ವರ್ಷವನ್ನೂ ಚಿತ್ರದಲ್ಲಿರುವವರು ನಿಂತಿರುವ ಜಾಗವನ್ನೂ ಮನೆಯ ಹಿರಿಯರಿಂದ ಕೇಳಿ ಹಿಂಬದಿಯಲ್ಲಿ ಬರೆದು ಕಳುಹಿಸಿದರೆ ವಿಭಾಗದ ಸಂಗ್ರಹದಲ್ಲಿ ಇಡುತ್ತೇವೆ. ಆ ಆರು ಜಾಗಗಳಿಂದ ಮುಂದಿನ ಚಿತ್ರಗಳನ್ನು ಬರುವ ಬೇಸಿಗೆಯಲ್ಲಿ, ಈ ಬಾರಿ ಅಳತೆಯ ಕೋಲಿನೊಡನೆ, ತೆಗೆಯಲಿದ್ದೇವೆ.